ಛತ್ರಿ ಮೊದಲು, ಮೋಟಾರ್ ಆಮೇಲೆ

ಈ ಸೆಮ್ ಶುರುವಾದಾಗಿಂದ ನಮ್ಮ ರಾಕೆಟ್ ಟೀಂನಲ್ಲಿ ಒಂದೇ ಮಾತು: ಹೋದ ವರ್ಷದ ರಾಕೆಟ್ ಡಬಲ್ ಮಾಡೋಣ. ಉದ್ದ ಎರಡು ಪಟ್ಟು, ಅಗಲ ಎರಡು ಪಟ್ಟು, ದೊಡ್ಡ ಮೋಟಾರ್, 600 ಮೀಟರ್ ಎತ್ತರ. ವಾಟ್ಸಾಪ್ ಗ್ರೂಪ್‌ನಲ್ಲಿ ದಿನಕ್ಕೆ ಹತ್ತು ವಿಡಿಯೋ ಬೀಳ್ತಿವೆ. ಯಾವ ಮೋಟಾರ್, ರೆಕ್ಕೆ ಯಾವ ಆಕಾರ, ಮೈಗೆ ಯಾವ ಬಣ್ಣ, ಹೆಸರೇನು ಅನ್ನೋ ತನಕ ಚರ್ಚೆ ಮುಗಿದಿದೆ. ಅದು ಕೆಳಗೆ ಹೇಗೆ ಬರ್ತದೆ ಅನ್ನೋದರ ಬಗ್ಗೆ ಪ್ಲಾನ್ ಶೀಟಿನಲ್ಲಿ ಇರೋದು ಒಂದೇ ಸಾಲು: 'ಪ್ಯಾರಾಚೂಟ್, 1'. ಬಜೆಟ್ ಶೀಟಿನಲ್ಲಿ ಆ ಸಾಲು ಪೇಂಟಿನ ಕೆಳಗಿದೆ.

ಮೂರು ಬ್ರಾಂಚಿನ ಐದು ಜನ ಸೆಕೆಂಡ್ ಇಯರ್‌ನವರು ಸೇರಿ ಇದನ್ನ ಬರೀತಿದ್ದೀವಿ. ನಾವು ಹೇಳೋದು ಇಷ್ಟೇ. ದೊಡ್ಡ ರಾಕೆಟ್ ಮಾಡಲೇಬೇಕು, ಅದರಲ್ಲಿ ನಮಗೆ ಯಾರಿಗೂ ಎರಡನೇ ಮಾತಿಲ್ಲ. ಆದರೆ ಡಿಸೈನ್ ಶುರುವಾಗಬೇಕಾದ್ದು ಪ್ಯಾರಾಚೂಟ್‌ನಿಂದ. ಅದು ಯಾವಾಗ ಬಿಚ್ಚಿಕೊಳ್ಳಬೇಕು, ಬಿಚ್ಚದಿದ್ದರೆ ಏನು ಅನ್ನೋದಕ್ಕೆ ಪೇಪರ್ ಮೇಲೆ ಉತ್ತರ ಸಿಗೋ ತನಕ ಮೋಟಾರ್ ಮಾತೇ ಎತ್ತಬಾರದು.

ಈ ಪ್ರಶ್ನೆ ಮೊದಲು ಕೇಳಿದ್ದು ನಾವೂ ಅಲ್ಲ, ಸೀನಿಯರ್‌ಗಳೂ ಅಲ್ಲ. ನಮ್ಮಲ್ಲೊಬ್ಬನ ಊರು ಮಾನ್ವಿ ತಾಲ್ಲೂಕಿನ ನೀರಮಾನ್ವಿ. ಹಾರಿಸೋಕೆ ಜಾಗ ಬೇಕಲ್ಲ, ಕಾಲೇಜು ಗ್ರೌಂಡ್ ಸಾಲೋದಿಲ್ಲ. ಬೇಸಿಗೆ ಭತ್ತ ಕೊಯ್ದ ಮೇಲೆ ಆ ಕಡೆ ಗದ್ದೆಗಳು ಖಾಲಿ ಬಿದ್ದಿರ್ತವೆ, ಕೇಳಿ ನೋಡೋಣ ಅಂತ ಹೋಗಿದ್ವಿ. ಅವನ ದೊಡ್ಡಪ್ಪ ಚಹಾ ಕೊಟ್ಟು, ಮೊಬೈಲಿನಲ್ಲಿ ನಾವು ತೋರಿಸಿದ ವಿಡಿಯೋ ಪೂರ್ತಿ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಮ್ಯಾಲ ಹೋಗೂದು ಗೊತ್ತಾತು ತಮ್ಮಾ. ಬೀಳೂದು ಎಲ್ಲಿ? ಛತ್ರಿ ಬಿಚ್ಚಲಿಲ್ಲಂದ್ರ ಏನ್ ಮಾಡ್ತೀರಿ?" ಇದುವರೆಗೆ ನಮ್ಮ ಯಾವ ಡಿಸೈನ್ ರಿವ್ಯೂನಲ್ಲೂ ಇಷ್ಟು ಒಳ್ಳೆಯ ಪ್ರಶ್ನೆ ಬಂದಿಲ್ಲ. ಈ ಲೇಖನ ಆ ಪ್ರಶ್ನೆಗೆ ಕೊಡಬೇಕಾದ ಉತ್ತರ.

ಮೊದಲು ಲೆಕ್ಕ ನೋಡೋಣ. ಹೋದ ವರ್ಷದ ರಾಕೆಟ್ 75 ಸೆಂ.ಮೀ. ಉದ್ದ, 350 ಗ್ರಾಂ ತೂಕ. ಅದಕ್ಕೆ ಕಟ್ಟಿದ್ದು 50 ಸೆಂ.ಮೀ. ವ್ಯಾಸದ ಪ್ಯಾರಾಚೂಟ್. ಇಳಿಯೋ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಈಗ ಎಲ್ಲವನ್ನೂ ಡಬಲ್ ಮಾಡೋಣ ಅಂದಾಗ ತಲೆಗೆ ಬರೋದು 'ಪ್ಯಾರಾಚೂಟೂ ಡಬಲ್, ಒಂದು ಮೀಟರ್ ವ್ಯಾಸ, ಮುಗೀತು' ಅಂತ. ಇಲ್ಲೇ ಇರೋದು ತೊಡಕು. ಉದ್ದ, ಅಗಲ, ದಪ್ಪ ಮೂರೂ ಎರಡು ಪಟ್ಟಾದಾಗ ತೂಕ ಎರಡು ಪಟ್ಟಾಗಲ್ಲ, ಎಂಟು ಪಟ್ಟಾಗ್ತದೆ. 350 ಗ್ರಾಂ ಇದ್ದದ್ದು 2.8 ಕೆ.ಜಿ. ಆಗ್ತದೆ. ಪ್ಯಾರಾಚೂಟಿನ ವ್ಯಾಸ ಎರಡು ಪಟ್ಟಾದರೆ ಬಟ್ಟೆಯ ವಿಸ್ತೀರ್ಣ ನಾಲ್ಕು ಪಟ್ಟು ಅಷ್ಟೇ. ಎಂಟು ಪಟ್ಟು ಭಾರವನ್ನ ನಾಲ್ಕು ಪಟ್ಟು ಬಟ್ಟೆ ಹಿಡಿಯಬೇಕು. ಇಳಿಯೋ ವೇಗ ಎರಡರ ವರ್ಗಮೂಲದಷ್ಟು ಏರಿ 6 ಇದ್ದದ್ದು 8.5 ಆಗ್ತದೆ.

8.5 ಅಂದರೆ ಏನು ಮಹಾ ಅನ್ನಿಸಬಹುದು. 6 ಮೀಟರ್ ವೇಗ ಅಂದರೆ ಆಳೆತ್ತರದಿಂದ ಕೈ ಬಿಟ್ಟ ಹಾಗೆ. 8.5 ಅಂದರೆ ಮಾಳಿಗೆ ಮೇಲಿಂದ ಕೈ ಬಿಟ್ಟ ಹಾಗೆ. ಅದೂ 350 ಗ್ರಾಂ ಅಲ್ಲ, ಮೂರು ಕೆ.ಜಿ. ಹತ್ತಿರದ ವಸ್ತು. ನೆಲಕ್ಕೆ ತಾಗುವಾಗಿನ ಶಕ್ತಿ ಸುಮಾರು 6 ಜೂಲ್ ಇದ್ದದ್ದು 100 ಜೂಲ್ ಆಗ್ತದೆ, ಅಂದರೆ 16 ಪಟ್ಟು. ಮೊದಲ ಹಾರಾಟದಲ್ಲೇ ರೆಕ್ಕೆ ಮುರೀತದೆ. ಹಳೆಯ ವೇಗದಲ್ಲೇ ಇಳಿಸಬೇಕಂದರೆ ಪ್ಯಾರಾಚೂಟಿನ ವ್ಯಾಸ 50ರಿಂದ 141 ಸೆಂ.ಮೀ.ಗೆ ಏರಬೇಕು. ಅಷ್ಟು ಬಟ್ಟೆ, ಅಷ್ಟು ದಾರ ಮಡಚಿ ಇಡೋಕೆ ಕೊಳವೆಯಲ್ಲಿ ಜಾಗ ಬೇಕು. ಅಂದರೆ ಪ್ಯಾರಾಚೂಟಿನ ಲೆಕ್ಕ ಆಗದೆ ರಾಕೆಟ್ಟಿನ ಉದ್ದವೂ ನಿರ್ಧಾರ ಆಗಲ್ಲ. ಕ್ಯಾಡ್‌ನಲ್ಲಿ ಸ್ಕೇಲ್ ಅನ್ನೋ ಬಟನ್ ಒತ್ತಿದರೆ ಚಿತ್ರ ದೊಡ್ಡದಾಗ್ತದೆ, ಫಿಸಿಕ್ಸ್ ಅದರ ಹಿಂದೆ ಬರಲ್ಲ.

ಇದಕ್ಕೆ ನಮ್ಮ ಜಿಲ್ಲೆಯ ಬಿಸಿಲನ್ನೂ ಸೇರಿಸಿ. ಮೇಲಿನ ಲೆಕ್ಕ ಮಾಡಿದ್ದು ಪುಸ್ತಕದ ಗಾಳಿಯಿಂದ: ಸಮುದ್ರ ಮಟ್ಟ, 15 ಡಿಗ್ರಿ, ಘನ ಮೀಟರಿಗೆ 1.225 ಕೆ.ಜಿ. ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇನಲ್ಲಿ 15 ಡಿಗ್ರಿ ಬೇಕಂದರೆ ಫ್ರಿಜ್ ಬಾಗಿಲು ತೆಗೀಬೇಕು. ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಮೇಲೆ, 40 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ 1.07ಕ್ಕೆ ಇಳೀತದೆ. ಗಾಳಿ ತೆಳುವಾದಷ್ಟೂ ಪ್ಯಾರಾಚೂಟಿಗೆ ಹಿಡಿತ ಕಮ್ಮಿ. ಅದೇ 6 ಮೀಟರ್ ವೇಗಕ್ಕೆ 141 ಸಾಲದು, 151 ಸೆಂ.ಮೀ. ಬೇಕು. ಅಮೆರಿಕದ ವೆಬ್‌ಸೈಟಿನ ಟೇಬಲ್ ನೋಡಿ ಪ್ಯಾರಾಚೂಟ್ ಆರ್ಡರ್ ಮಾಡಿದರೆ ಈ ಹತ್ತು ಸೆಂಟಿಮೀಟರ್ ಯಾರೂ ನಮಗೆ ಹೇಳಲ್ಲ.

ಈಗ ದೊಡ್ಡಪ್ಪನ ಎರಡನೇ ಪ್ರಶ್ನೆ: ಛತ್ರಿ ಬಿಚ್ಚಲೇ ಇಲ್ಲಂದರೆ? 600 ಮೀಟರಿನಿಂದ ಮೂಗು ಕೆಳಗಾಗಿ ಬರೋ ರಾಕೆಟ್ಟಿನ ವೇಗ, ಗಾಳಿಯ ಎಳೆತ ಕಳೆದ ಮೇಲೂ, ಸೆಕೆಂಡಿಗೆ 90 ಮೀಟರ್ ಆಸುಪಾಸು. ಗಂಟೆಗೆ 320 ಕಿ.ಮೀ. ದಾಟ್ತದೆ. ಅದರ ಶಕ್ತಿ ಸುಮಾರು 11,000 ಜೂಲ್. ಸವಾರನೂ ಸೇರಿ 200 ಕೆ.ಜಿ. ಇರೋ ಬೈಕು ಗಂಟೆಗೆ 38 ಕಿ.ಮೀ. ವೇಗದಲ್ಲಿ ಬಂದು ಗುದ್ದಿದರೆ ಇರೋವಷ್ಟು ಶಕ್ತಿ, ಎಂಟು ಸೆಂಟಿಮೀಟರ್ ಅಗಲದ ಮೂಗಿನ ತುದಿಯಲ್ಲಿ. ಅದರ ಕೆಳಗೆ ಕೂಳೆ ಮೇಯೋ ಕುರಿ ಇರಬಹುದು, ಕುರಿ ಕಾಯೋ ಹುಡುಗನೂ ಇರಬಹುದು. ಹೋದ ವರ್ಷದ ರಾಕೆಟ್ ಬಿದ್ದರೆ ಬಿದ್ದೀತು ಅನ್ನಬಹುದಿತ್ತು. ಇದನ್ನ ಹಾಗೆ ಅನ್ನೋಕೆ ಆಗಲ್ಲ.

ಕರ್ನಾಟಕಕ್ಕೆ ರಾಕೆಟ್ ಹೊಸದೇನಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಾಳು ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಸಿಕ್ಕವು. ಟೆಕ್ ಫೆಸ್ಟ್ ಭಾಷಣಗಳಲ್ಲಿ ನಾವೆಲ್ಲ ಅದನ್ನ ಹೆಮ್ಮೆಯಿಂದ ಹೇಳ್ತೀವಿ. ಹೇಳೋಣ. ಆದರೆ ಒಂದು ವ್ಯತ್ಯಾಸ ನೆನಪಿರಲಿ: ಆ ರಾಕೆಟ್ ಮಾಡಿದ್ದೇ ಜನರ ಮೇಲೆ ಬೀಳಲಿ ಅಂತ. ಅವಕ್ಕೆ ವಾಪಸ್ ಬರೋ ಕೆಲಸ ಇರಲಿಲ್ಲ. ನಮ್ಮದಕ್ಕೆ ಇರೋ ಮುಖ್ಯ ಕೆಲಸವೇ ಅದು.

ಇವತ್ತಿನ ಕರ್ನಾಟಕದ ಉದಾಹರಣೆ ಬೇಕಂದರೆ ಚಳ್ಳಕೆರೆಗೆ ಹೋಗಿ. ಚಿತ್ರದುರ್ಗ ಜಿಲ್ಲೆಯ ಆ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋ ತನ್ನ ಮರುಬಳಕೆ ವಾಹನವನ್ನ ಮೂರು ಸಲ ಇಳಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಮೂರೂ ಸಲ ಅದನ್ನ ಮೇಲಕ್ಕೆ ಒಯ್ದದ್ದು ಚಿನೂಕ್ ಹೆಲಿಕಾಪ್ಟರ್, 4.5 ಕಿ.ಮೀ. ಎತ್ತರಕ್ಕೆ. ಅಂದರೆ ಆ ಪ್ರಯೋಗಗಳಲ್ಲಿ ರಾಕೆಟ್ಟೇ ಇರಲಿಲ್ಲ. ಪ್ರಯೋಗ ಪೂರ್ತಿ ಇಳಿಯೋದರ ಬಗ್ಗೆ. ಮೂರನೇ ಸಲ 'ಪುಷ್ಪಕ್' ರನ್‌ವೇ ಮುಟ್ಟಿದ್ದು ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ. ಹಿಂದಿನಿಂದ ಬಿಚ್ಚಿಕೊಂಡ ಬ್ರೇಕ್ ಪ್ಯಾರಾಚೂಟ್ ಅದನ್ನ 100 ಕಿ.ಮೀ. ಹತ್ತಿರಕ್ಕೆ ತಂದಿತು, ಚಕ್ರದ ಬ್ರೇಕ್ ಹಿಡಿದದ್ದು ಆಮೇಲೆ.

ಗಗನಯಾನದ ಲೆಕ್ಕ ಇನ್ನೂ ಖಡಕ್. ಮೂವರು ಮನುಷ್ಯರನ್ನ ಹೊರೋ ಆ ಕ್ರೂ ಮಾಡ್ಯೂಲ್‌ಗೆ ಇರೋದು ಒಟ್ಟು 10 ಪ್ಯಾರಾಚೂಟ್. ಮೇಲಿನ ಮುಚ್ಚಳ ಎಳೆದು ತೆಗೆಯೋಕೆ 2, ವೇಗ ತಗ್ಗಿಸಿ ಅಲುಗಾಟ ನಿಲ್ಲಿಸೋಕೆ ಡ್ರೋಗ್ 2, ದೊಡ್ಡವನ್ನ ಹೊರಗೆಳೆಯೋ ಪೈಲಟ್ 3, ಕೊನೆಗೆ ಮುಖ್ಯವಾದವು 3. ಆ ಮೂರರಲ್ಲಿ ಎರಡು ಬಿಚ್ಚಿಕೊಂಡರೂ ಸಾಕು, ಒಳಗಿದ್ದವರು ಬದುಕ್ತಾರೆ. 2022ರ ನವೆಂಬರ್‌ನಲ್ಲಿ ಝಾನ್ಸಿ ಹತ್ತಿರದ ಬಬಿನಾದಲ್ಲಿ ಐದು ಟನ್ ತೂಕದ ಡಮ್ಮಿಯನ್ನ ವಿಮಾನದಿಂದ ಬೀಳಿಸಿದಾಗ ಪರೀಕ್ಷೆ ಮಾಡಿದ್ದೇ ಇದನ್ನ: ಒಂದು ಬಿಚ್ಚಲಿಲ್ಲ ಅಂತ ಇಟ್ಟುಕೊಂಡರೆ ಉಳಿದೆರಡು ತಡೀತವಾ? 2025ರ ಆಗಸ್ಟ್ 24ರಂದು ಚಿನೂಕ್‌ನಿಂದ ಮಾಡ್ಯೂಲ್ ಬೀಳಿಸಿ ಪ್ಯಾರಾಚೂಟ್ ವ್ಯವಸ್ಥೆ ಪೂರ್ತಿ ನೋಡಿದರು. ಬಿಚ್ಚದೇ ಇರೋ ಪ್ಯಾರಾಚೂಟನ್ನ ಮೊದಲೇ ಪ್ಲಾನ್‌ನಲ್ಲಿ ಬರೆದು ಡಿಸೈನ್ ಮಾಡೋದು ಅಂದರೆ ಇದು.

"ನಾವೇನು ಇಸ್ರೋನಾ?" ಅಂತ ಗ್ರೂಪ್‌ನಲ್ಲಿ ಒಬ್ಬರು ಕೇಳಿದರು. ಅಲ್ಲ. ಆದರೆ ಗುರುತ್ವಕ್ಕೆ ಅದು ಗೊತ್ತಿಲ್ಲವಲ್ಲ. ದೊಡ್ಡವರಿಗೂ ಅದು ರಿಯಾಯಿತಿ ಕೊಟ್ಟಿಲ್ಲ. ನಾಸಾದ ಜೆನೆಸಿಸ್ ನೌಕೆ ಸೂರ್ಯನಿಂದ ಬಂದ ಕಣಗಳನ್ನ ಹಿಡಿದುಕೊಂಡು 2004ರ ಸೆಪ್ಟೆಂಬರ್ 8ರಂದು ಭೂಮಿಗೆ ವಾಪಸ್ ಬಂತು. ಪ್ಯಾರಾಚೂಟ್ ಬಿಚ್ಚಲೇ ಇಲ್ಲ. ಗಂಟೆಗೆ 310 ಕಿ.ಮೀ. ವೇಗದಲ್ಲಿ ಯೂಟಾ ಮರುಭೂಮಿಗೆ ಬಂದು ಬಡಿಯಿತು. ಕಾರಣ ಏನು ಗೊತ್ತಾ? ಇಳಿಯೋ ವೇಗದ ಬದಲಾವಣೆ ಗುರುತಿಸಬೇಕಾದ ಪುಟ್ಟ ಸ್ವಿಚ್‌ಗಳನ್ನ ಡಿಸೈನ್‌ನಲ್ಲೇ ತಲೆಕೆಳಗಾಗಿ ಕೂರಿಸಿದ್ದರು. ವರ್ಷಗಟ್ಟಲೆ ಅಂತರಿಕ್ಷ ಸುತ್ತಿ, ಲಕ್ಷಾಂತರ ಕಿ.ಮೀ. ದಾಟಿ, ಕೊನೆಯ ಕೆಲವು ನಿಮಿಷದಲ್ಲಿ ಸೋತದ್ದು ಒಂದು ಸ್ವಿಚ್ಚಿನ ದಿಕ್ಕಿಗೆ. ನಮ್ಮ ಇಸಿ ಗೆಳೆಯರು ಸೋಲ್ಡರಿಂಗ್ ಸ್ಟೇಷನ್ ಮುಂದೆ ಈ ಕತೆ ಅಂಟಿಸಿದರೆ ತಪ್ಪಿಲ್ಲ.

ಹಾಗಾದರೆ ನಮ್ಮ ರಾಕೆಟ್ಟಿಗೆ ಏನು ಪ್ಲಾನ್? ಎರಡು ಹಂತದಲ್ಲಿ ಬಿಚ್ಚೋದು. ಇದು ನಮ್ಮ ಕಂಡುಹಿಡಿತ ಅಲ್ಲ, ಜಗತ್ತಿನ ಹೈ ಪವರ್ ರಾಕೆಟ್‌ಗಳಲ್ಲಿ ರೂಢಿಯಲ್ಲಿರೋದು. ಇದರ ಕಾರಣ ಗಾಳಿ. 600 ಮೀಟರ್ ತುದಿಯಲ್ಲೇ ದೊಡ್ಡ ಪ್ಯಾರಾಚೂಟ್ ಬಿಚ್ಚಿದರೆ 6 ಮೀಟರ್ ವೇಗದಲ್ಲಿ ಕೆಳಗೆ ಬರೋಕೆ 100 ಸೆಕೆಂಡ್. ಸೆಕೆಂಡಿಗೆ 5 ಮೀಟರ್ ಗಾಳಿ ಇದ್ದರೆ ಅಷ್ಟರಲ್ಲಿ ಅದು ಅರ್ಧ ಕಿ.ಮೀ. ತೇಲಿ ಹೋಗಿರ್ತದೆ. ನೀರಮಾನ್ವಿ ಕಡೆ ಅರ್ಧ ಕಿ.ಮೀ. ಅಂದರೆ ಇನ್ನೊಬ್ಬರ ಹೊಲ, ಕಾಲುವೆ, ಕರೆಂಟ್ ತಂತಿ, ರಾಯಚೂರು-ಸಿಂಧನೂರು ರಸ್ತೆ, ಇದರಲ್ಲಿ ಯಾವುದಾದರೂ ಆಗಬಹುದು. ಅದರ ಬದಲು ತುದಿಯಲ್ಲಿ 36 ಸೆಂ.ಮೀ. ವ್ಯಾಸದ ಪುಟ್ಟ ಡ್ರೋಗ್ ಬಿಚ್ಚಲಿ. ರಾಕೆಟ್ 25 ಮೀಟರ್ ವೇಗದಲ್ಲಿ, ಹತೋಟಿಯಲ್ಲಿ ಇಳಿಯಲಿ. 150 ಮೀಟರ್ ಎತ್ತರಕ್ಕೆ ಬಂದಾಗ ದೊಡ್ಡದು ಬಿಚ್ಚಲಿ. ಮೊದಲ 450 ಮೀಟರಿಗೆ 18 ಸೆಕೆಂಡ್, ಉಳಿದ 150ಕ್ಕೆ 25 ಸೆಕೆಂಡ್, ಒಟ್ಟು 43. ತೇಲೋದು 215 ಮೀಟರ್ ಅಷ್ಟೇ. ಒಬ್ಬರ ಹತ್ತಿರ ಕೇಳಿ ಪಡೆದ ಹೊಲದಲ್ಲೇ ಬೀಳೋ ಸಾಧ್ಯತೆ ಇದರಲ್ಲಿ ಎಷ್ಟೋ ಹೆಚ್ಚು.

ಅಮೆರಿಕದಲ್ಲಿ 2024ರ ತನಕ ನಡೀತಿದ್ದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಅನ್ನೋ ವಿದ್ಯಾರ್ಥಿ ಸ್ಪರ್ಧೆಯ ನಿಯಮಗಳಲ್ಲೂ ಇದೇ ಕ್ರಮ ಇತ್ತು. ತುದಿಯಲ್ಲಿ ಮೊದಲನೆಯದು, 1,500 ಅಡಿಗಿಂತ ಕೆಳಗೆ ಮುಖ್ಯವಾದದ್ದು, ಬಿಚ್ಚಿಸೋ ಎಲೆಕ್ಟ್ರಾನಿಕ್ಸ್ ಎರಡು ಜೊತೆ. ನಮ್ಮದೇ ರಾಜ್ಯದ ಮಣಿಪಾಲದ ಥ್ರಸ್ಟ್ ಎಂಐಟಿ ತಂಡ ಆ ಸ್ಪರ್ಧೆಗೆ ಹೋಗಿ ಬಂದಿದೆ. ಅಲ್ಲಿನ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಹೈ ಪವರ್ ಅಂತ ಕರೆಯೋದು 160 ನ್ಯೂಟನ್-ಸೆಕೆಂಡ್ ದಾಟಿದ ಮೋಟಾರ್‌ಗಳನ್ನ. ಅದನ್ನ ಹಾರಿಸೋಕೆ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಹೇಗೆ ಸಿಗ್ತದೆ ಅಂದರೆ, ನೀವೇ ಕಟ್ಟಿದ ರಾಕೆಟ್ ಹಾರಿಸಿ, ವಾಪಸ್ ತಂದು, ಇನ್ನೊಂದು ಸಲ ಹಾರೋ ಸ್ಥಿತಿಯಲ್ಲಿದೆ ಅಂತ ತೋರಿಸಬೇಕು. ಎಷ್ಟೇ ಚಂದ ಮೇಲೆ ಹೋಗಿರಲಿ, ಇಳಿಯುವಾಗ ಒಡೆದುಹೋದರೆ ಫೇಲ್. ನಮ್ಮ ಕ್ಲಬ್ಬಿನಲ್ಲೂ ಪಾಸು ಫೇಲು ಹೀಗೇ ಇರಬೇಕು ಅಂತ ನಮ್ಮ ವಾದ.

ಬಿಚ್ಚೋದು ಹೇಗೆ ಅನ್ನೋದು ಮುಂದಿನ ಪ್ರಶ್ನೆ. ಒಳಗಿರೋ ಆಲ್ಟಿಮೀಟರ್ ಗಾಳಿಯ ಒತ್ತಡ ಅಳೀತಿರ್ತದೆ. ಮೇಲೆ ಹೋದಂತೆ ಒತ್ತಡ ಇಳೀತದೆ. ಅದು ಇಳಿಯೋದು ನಿಂತು ಏರೋಕೆ ಶುರುವಾದರೆ ತುದಿ ಮುಟ್ಟಿತು ಅಂತ ಅರ್ಥ. ಇದು ಸರಿ ನಡೀಬೇಕಂದರೆ ಕೊಳವೆಗೆ ಸರಿಯಾದ ಅಳತೆಯ ತೂತುಗಳು ಬೇಕು, ಇಲ್ಲಾಂದರೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಹಿಂದೆ ಬೀಳ್ತದೆ. ತಡವಾದರೆ ಬೆಲೆ ತೆರಬೇಕು. ತುದಿಯಲ್ಲಿ ರಾಕೆಟ್ ಹೆಚ್ಚುಕಡಿಮೆ ನಿಂತೇ ಇರ್ತದೆ; ಆಮೇಲೆ ಪ್ರತಿ ಸೆಕೆಂಡಿಗೆ ಸುಮಾರು 10 ಮೀಟರ್ ವೇಗ ಕೂಡಿಕೊಳ್ತದೆ. ಡ್ರೋಗ್ ಕೈಕೊಟ್ಟು, 6 ಮೀಟರಿಗೆ ಅಳತೆ ಮಾಡಿದ ದೊಡ್ಡ ಪ್ಯಾರಾಚೂಟ್ ಮೂರು ಸೆಕೆಂಡ್ ತಡವಾಗಿ, 30 ಮೀಟರ್ ವೇಗದಲ್ಲಿ ಒಮ್ಮೆಲೇ ಬಿಚ್ಚಿದರೆ ಎಳೆತ ರಾಕೆಟ್ಟಿನ ತೂಕದ 25 ಪಟ್ಟಿನ ತನಕ ಹೋಗಬಹುದು. 2.8 ಕೆ.ಜಿ.ಗೆ ಅದು 70 ಕೆ.ಜಿ. ಮನುಷ್ಯ ದಾರಕ್ಕೆ ಜೋತುಬಿದ್ದ ಹಾಗೆ. ದಾರ, ಗಂಟು, ಕೊಕ್ಕೆ, ಅದನ್ನ ಕಟ್ಟಿದ ಪ್ಲೈವುಡ್ ಬಿಲ್ಲೆ, ಎಲ್ಲವೂ ಈ ಲೆಕ್ಕಕ್ಕೆ ತಡೀಬೇಕು. ಸಿವಿಲ್‌ನವರನ್ನ ನಾವು ಟೀಂಗೆ ಕರೆದದ್ದು ಇದಕ್ಕೇ.

ಎರಡು ಆಲ್ಟಿಮೀಟರ್, ಎರಡಕ್ಕೂ ಬೇರೆ ಬೇರೆ ಬ್ಯಾಟರಿ, ಬೇರೆ ಬೇರೆ ವೈರಿಂಗ್. ಮೊದಲನೆಯದು ಸುಮ್ಮನಿದ್ದರೆ ಒಂದು ಸೆಕೆಂಡ್ ಬಿಟ್ಟು ಎರಡನೆಯದು ಕೆಲಸ ಮಾಡಬೇಕು. ಒಂದೇ ಬ್ಯಾಟರಿಗೆ ಎರಡೂ ಜೋಡಿಸಿ 'ಬ್ಯಾಕಪ್ ಇದೆ' ಅನ್ನೋದು, ಒಂದೇ ಹಗ್ಗದಲ್ಲಿ ಎರಡು ಬಿಂದಿಗೆ ಇಳಿಸಿ ನೀರು ಎರಡು ಪಟ್ಟು ಗ್ಯಾರಂಟಿ ಅಂದಹಾಗೆ. ಹಗ್ಗ ಹರಿದರೆ ಎರಡೂ ಬಾವಿಗೆ.

ಇನ್ನು ಬಟ್ಟೆ. 'ಪ್ಯಾರಾಚೂಟ್ ಅಂದರೆ ಬರೀ ಬಟ್ಟೆ ತಾನೇ' ಅನ್ನೋ ಮಾತು ಲ್ಯಾಬಿನಲ್ಲಿ ಸಿಕ್ಕಾಪಟ್ಟೆ ಕೇಳ್ತೀವಿ. ಹೌದು, ಬಟ್ಟೆಯೇ. ಆದರೆ ನಮ್ಮ ಸೀಮೆಯಲ್ಲಿ ಬಟ್ಟೆ, ಹೊಲಿಗೆ ಗೊತ್ತಿರೋರು ಯಾರು? ಒಂದೊಂದು ಹಳೆ ಸೀರೆಯ ಪದರ ಜೋಡಿಸಿ, ವರ್ಷಗಟ್ಟಲೆ ಬಿಚ್ಚದಂಥ ಕೌದಿ ಹೊಲಿಯೋ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ. ಹೊಲಿಗೆ ಎಲ್ಲಿ ಹರಿಯುತ್ತೆ, ಎಳೆ ಯಾವ ದಿಕ್ಕಿಗೆ ಹಿಗ್ಗುತ್ತೆ ಅನ್ನೋದು ಅವರ ಬೆರಳಿಗೆ ಗೊತ್ತು. ಜೀನ್ಸ್ ಪ್ಯಾಂಟಿನ ಕಾಲಿಗೆ ಹಾಕೋ ಮಡಚಿದ ಡಬಲ್ ಹೊಲಿಗೆ ಮಾನ್ವಿಯ ಯಾವ ಟೈಲರ್‌ಗೂ ಹೊಸದಲ್ಲ. ಪ್ಯಾರಾಚೂಟಿನ ಫಲಕ ಜೋಡಿಸೋಕೆ ಬೇಕಾದ್ದೂ ಅದೇ. ರಿಪ್‌ಸ್ಟಾಪ್ ನೈಲಾನ್ ತಂದುಕೊಟ್ಟು, ಎಂಟು ಫಲಕದ ಅಳತೆ ಕತ್ತರಿಸಿ ಕೊಟ್ಟು, ನಡುವೆ ಗಾಳಿ ಹೋಗೋಕೆ ಸಣ್ಣ ತೂತು ಬಿಡಿ ಅಂತ ಹೇಳಿದರೆ (ಆ ತೂತು ಇಲ್ಲದಿದ್ದರೆ ಪ್ಯಾರಾಚೂಟ್ ಜೋಕಾಲಿ ಆಡ್ತದೆ) ಹೊರಗಿನಿಂದ ತರಿಸೋ ಅಗತ್ಯವೇ ಇಲ್ಲ. ಅವರಿಗೆ ಕೂಲಿ ಕೊಡಬೇಕು, ರಿಪೋರ್ಟಿನಲ್ಲಿ ಅವರ ಕೆಲಸ ನಮೂದಿಸಬೇಕು. ಸಿಂಪಲ್.

ಮಡಚೋದೂ ಒಂದು ಕೆಲಸವೇ. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಮಡಚಿ ತುರುಕಿ, ಬಿಸಿಲಿನಲ್ಲಿ ಬಸ್ ಮೇಲೆ ಇಟ್ಟುಕೊಂಡು ಬಂದರೆ ನೈಲಾನ್ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗ್ತದೆ. ಹಾರಿಸೋ ದಿನ ಬೆಳಿಗ್ಗೆ, ನೆರಳಿನಲ್ಲಿ, ಸ್ವಲ್ಪ ಮೈ ಪೌಡರ್ ಉದುರಿಸಿ, ಅದೇ ಇಬ್ಬರು ಪ್ರತಿ ಸಲ ಮಡಚಬೇಕು. ಒಬ್ಬರು ಮಡಚಲಿ, ಇನ್ನೊಬ್ಬರು ಓದಿ ಹೇಳಲಿ. ಬಿಚ್ಚಿಸೋ ಬಿಸಿ ಗಾಳಿಯಿಂದ ನೈಲಾನ್ ಕರಗದಂತೆ ಸುತ್ತ ಬೆಂಕಿ ತಡೆಯೋ ಬಟ್ಟೆ. ಇಷ್ಟೂ ನೆಲದ ಮೇಲೆ ಪರೀಕ್ಷೆ ಆಗಬೇಕು, ಅದರ ಅನುಭವ ಇರೋ ಫ್ಯಾಕಲ್ಟಿ ಎದುರಲ್ಲಿ, ಒಂದು ಸಲ ಅಲ್ಲ, ಬೇರೆ ಬೇರೆ ದಿನ ಮೂರು ಸಲ. ಮೂರಕ್ಕೆ ಮೂರು ಬಿಚ್ಚದಿದ್ದರೆ ಹಾರಾಟ ಇಲ್ಲ.

ಮೋಟಾರ್ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗ್ತದೆ. 'ನಾವೇ ಮಿಕ್ಸ್ ಮಾಡಿಕೊಳ್ಳೋಣ, ಯೂಟ್ಯೂಬ್‌ನಲ್ಲಿ ಇದೆ' ಅನ್ನೋರು ಪ್ರತಿ ಬ್ಯಾಚಿನಲ್ಲೂ ಇರ್ತಾರೆ. ಲೈಸೆನ್ಸ್ ಇಲ್ಲದೆ ಸ್ಫೋಟಕ ತಯಾರಿಸೋದು, ಇಟ್ಟುಕೊಳ್ಳೋದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿಡಿ, ಬೆರಳು ಹೋದರೆ ಬ್ಯಾಕ್‌ಲಾಗ್ ಥರ ಮುಂದಿನ ಸೆಮ್‌ನಲ್ಲಿ ಕ್ಲಿಯರ್ ಆಗಲ್ಲ. ಸರಿಯಾದ ದಾರಿ ಈಗ ಇದೆ. ಇನ್-ಸ್ಪೇಸ್ ಅನ್ನೋ ಕೇಂದ್ರ ಸಂಸ್ಥೆ ವಿದ್ಯಾರ್ಥಿಗಳ ಮಾಡೆಲ್ ರಾಕೆಟ್ ಮತ್ತು ಕ್ಯಾನ್‌ಸ್ಯಾಟ್ ಸ್ಪರ್ಧೆ ನಡೆಸ್ತಿದೆ. 2025ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ದೇಶದ ಕಾಲೇಜು ತಂಡಗಳು ಹಾರಿಸಿದವು. ನಮ್ಮ ರಾಕೆಟ್ ಮೊದಲು ಅಂಥ ಕಡೆ, ಗೊತ್ತಿರೋರ ಕಣ್ಣೆದುರು ಹಾರಲಿ. ನೀರಮಾನ್ವಿಯ ಹೊಲ ಅನುಮತಿಗಳೆಲ್ಲ ಕೈಗೆ ಬಂದ ಮೇಲಿನ ಮಾತು. ಅಲ್ಲಿವರೆಗೆ ಅಲ್ಲಿ ಮಾಡೋಕೆ ಬೇಕಾದಷ್ಟು ಕೆಲಸ ಇದೆ: 2.8 ಕೆ.ಜಿ. ಮರಳಿನ ಚೀಲಕ್ಕೆ ಪ್ಯಾರಾಚೂಟ್ ಕಟ್ಟಿ, ದೊಡ್ಡ ಡ್ರೋನ್ ಇರೋರ ಸಹಾಯದಿಂದ, ಅದಕ್ಕೂ ಅನುಮತಿ ಪಡೆದು, ಎತ್ತರದಿಂದ ಬೀಳಿಸಿ ವೇಗ ಅಳೆಯೋದು. ಚಿನೂಕ್ ಇಲ್ಲದಿದ್ದರೂ ಪ್ರಯೋಗ ಅದೇ.

ಜಾಗದ ಬಗ್ಗೆಯೂ ಯೋಚಿಸಬೇಕು. ನಾವು 'ಖಾಲಿ ಗದ್ದೆ' ಅಂದುಬಿಡ್ತೀವಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾಣೋ ಆ ಭೂಮಿ ಖಾಲಿ ಅನ್ನೋದು ವರ್ಷದಲ್ಲಿ ಕೆಲವೇ ವಾರ. ಆಗಲೂ ಅಲ್ಲಿ ಒಣ ಕೂಳೆ ಇರ್ತದೆ, ಹುಲ್ಲಿನ ಬಣವೆ ಇರ್ತದೆ, ಒಂದು ಕಿಡಿ ಸಾಕು. ಮಧ್ಯಾಹ್ನ ಹೊಲದಲ್ಲಿ ಸುಂಟರಗಾಳಿ ಏಳ್ತದೆ, ಪ್ಯಾರಾಚೂಟ್ ಅದಕ್ಕೆ ಸಿಕ್ಕರೆ ನಮ್ಮ 215 ಮೀಟರ್ ಲೆಕ್ಕ ಗಾಳಿಗೇ ಹೋಯ್ತು. ಅದಕ್ಕೆ ಹಾರಾಟ ಬೆಳಿಗ್ಗೆ ಎಂಟರೊಳಗೆ ಮುಗೀಬೇಕು. ಕೆಳಗೆ ಕೂಳೆ ತೆಗೆದು, ನೀರಿನ ಡ್ರಮ್ ಇಟ್ಟು, ಬಣವೆಯಿಂದ ದೂರ. ಎಲ್ಲಮ್ಮನ ಜಾತ್ರೆ ಇರೋ ದಿನಗಳಲ್ಲಿ ಆ ಕಡೆ ಸುಳಿಯಲೂಬಾರದು, ಅಷ್ಟು ಜನ ಸೇರ್ತಾರೆ. ಇದ್ಯಾವುದೂ ಸಾಫ್ಟ್‌ವೇರ್ ಸಿಮ್ಯುಲೇಷನ್‌ನಲ್ಲಿ ಬರಲ್ಲ. ಊರವರನ್ನ ಕೇಳಿದರೆ ಐದು ನಿಮಿಷದಲ್ಲಿ ಹೇಳ್ತಾರೆ.

ಕೇಳಬೇಕಂದರೆ ಕನ್ನಡ ಬೇಕು. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಬರೀತಿರೋ ಕಾರಣ ಇದೇ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು; 'ರಿಕವರಿ', 'ಡಿಪ್ಲಾಯ್‌ಮೆಂಟ್' ಅಂತಲೇ ಯೋಚನೆ ಮಾಡ್ತೀವಿ. ಅದೇ ಪದದಲ್ಲಿ ಹೊಲದ ಯಜಮಾನರಿಗೆ ಅಪಾಯ ವಿವರಿಸೋಕೆ ಹೋದರೆ ಅವರು ತಲೆ ಆಡಿಸ್ತಾರೆ, ಒಪ್ಪಿಗೆ ಸಿಕ್ಕಿತು ಅಂತ ನಾವು ತಿಳೀತೀವಿ. ಅರ್ಥ ಆಗದೆ ಕೊಟ್ಟ ಒಪ್ಪಿಗೆ ಒಪ್ಪಿಗೆ ಅಲ್ಲ. ಹಾರಿಸೋ ದಿನದ ಚೆಕ್‌ಲಿಸ್ಟ್ ಕನ್ನಡದಲ್ಲಿ ಇರಲಿ, ಜೋರಾಗಿ ಓದೋಣ. ನೋಡೋಕೆ ಬಂದ ಹುಡುಗರಿಗೂ ಗೊತ್ತಾಗಲಿ, 'ಛತ್ರಿ ಬಿಚ್ಚಿಲ್ಲ' ಅಂತ ಕೂಗಿದರೆ ಎಲ್ಲರೂ ತಲೆ ಎತ್ತಿ ನೋಡಬೇಕು, ಅದು ಬರೋ ಕಡೆಯಿಂದ ಸರಿಯಬೇಕು ಅಂತ.

ನಮ್ಮ ಬೇಡಿಕೆ ಮೂರು. ಒಂದು, ಪ್ಯಾರಾಚೂಟ್ ನೋಡಿಕೊಳ್ಳೋರನ್ನ ಮೊದಲು ಆರಿಸಿ, ಹಾರಾಟ ನಿಲ್ಲಿಸೋ ಅಧಿಕಾರ ಅವರಿಗೆ ಕೊಡಿ. ಪ್ರೆಸಿಡೆಂಟ್ ಹೇಳಿದರೂ ಅದು ಬದಲಾಗಬಾರದು. ಎರಡು, ಬಜೆಟ್ ಶೀಟಿನಲ್ಲಿ ಎರಡು ಆಲ್ಟಿಮೀಟರ್, ಬಟ್ಟೆ, ಹೊಲಿಗೆ ಕೂಲಿ ಮೇಲಿನ ಸಾಲುಗಳಲ್ಲಿ ಬರಲಿ, ಪೇಂಟ್ ಕೊನೆಗೆ ಹೋಗಲಿ. ಮೂರು, ಎತ್ತರದ ದಾಖಲೆ ಹಾಕೋ ಬೋರ್ಡಿನಲ್ಲಿ ಎರಡನೇ ಅಂಕಣ ಶುರು ಮಾಡೋಣ: ವಾಪಸ್ ಬಂತಾ, ಎಷ್ಟು ದೂರದಲ್ಲಿ ಬಿತ್ತು, ಮರುದಿನ ಮತ್ತೆ ಹಾರಿಸೋ ಹಾಗಿತ್ತಾ?

ಇದರಿಂದ ಹಾರಾಟ ಒಂದು ಸೆಮ್ ಮುಂದೆ ಹೋಗಬಹುದು. ಫೈನಲ್ ಇಯರ್‌ನವರಿಗೆ ಬೇಜಾರಾಗ್ತದೆ, ನಿಜ. ಅವರು ಕಟ್ಟಿದ್ದನ್ನ ಅವರೇ ಹಾರಿಸಬೇಕು ಅನ್ನೋ ಆಸೆ ನಮಗೂ ಅರ್ಥ ಆಗ್ತದೆ. ಆದರೆ ಒಂದು ರಾಕೆಟ್ ತಪ್ಪು ಜಾಗದಲ್ಲಿ ಬಿದ್ದರೆ ನಿಲ್ಲೋದು ಆ ವರ್ಷದ ಹಾರಾಟ ಮಾತ್ರ ಅಲ್ಲ. ಕ್ಲಬ್ ಮುಚ್ತದೆ, ಮುಂದೆ ಬರೋ ಜೂನಿಯರ್‌ಗಳಿಗೆ ರಾಕೆಟ್ ಅನ್ನೋ ಪದವೇ ಬ್ಯಾನ್ ಆಗ್ತದೆ. ಅದಕ್ಕಿಂತ ದೊಡ್ಡದು, ನಂಬಿ ಹೊಲ ಕೊಟ್ಟವರ ಮುಖ ನೋಡೋಕೆ ಆಗಲ್ಲ.

ಸೆಮ್ ಮುಗಿಯೋದರೊಳಗೆ 151 ಸೆಂ.ಮೀ. ಬಟ್ಟೆ ಕತ್ತರಿಸೋಣ. ಶನಿವಾರ ಮಧ್ಯಾಹ್ನ ಮೂರಕ್ಕೆ ಮೆಕ್ಯಾನಿಕಲ್ ವರ್ಕ್‌ಶಾಪ್ ಪಕ್ಕದ ಶೆಡ್‌ನಲ್ಲಿ ಸೇರ್ತಿದ್ದೀವಿ. ರಾಕೆಟ್ ಗೊತ್ತಿಲ್ಲದಿದ್ದರೂ ನಡೀತದೆ. ಹೊಲಿಗೆ ಗೊತ್ತಿದ್ದರೆ ಖಂಡಿತ ಬನ್ನಿ, ಕತ್ತರಿ ಇದ್ದರೆ ತನ್ನಿ.